ಗುಂಡಿಗೆ ಬಿದ್ದ ಸೈಕಲ್ ಸವಾರರ ಲೆಕ್ಕ ಕೇಳಿದರೆ ‘ಕಡತದಲ್ಲಿ ಲಭ್ಯವಿಲ್ಲ’ ಎಂಬ ಹಿಂಬರಹ: ಮುಂದೇನು ಮಾಡಬೇಕು?

ಎಡಬದಿಯ ಸವಾರ

ಎಲ್ಲರಿಗೂ ನಮಸ್ಕಾರ. ಮಾಹಿತಿ ಹಕ್ಕು ಅರ್ಜಿ ಹಾಕಿ ಪಳಗಿದವರ ಸಲಹೆ ಬೇಕಾಗಿದೆ.

ನಮ್ಮ ಚಿಕ್ಕಪ್ಪ ಸೈಕಲ್‌ನಲ್ಲಿ ಮನೆಮನೆಗೆ ಹಾಲು ಹಾಕುತ್ತಾರೆ. ಈ ಮಳೆಗಾಲದಲ್ಲಿ ಒಂದು ದಿನ ಬೆಳಗಿನ ಜಾವ ಬಡಾವಣೆಯ ಮುಖ್ಯರಸ್ತೆಯಲ್ಲಿ ನೀರು ತುಂಬಿದ್ದ ಗುಂಡಿಗೆ ಮುಂದಿನ ಚಕ್ರ ಇಳಿದು ಮುಗ್ಗರಿಸಿ ಬಿದ್ದರು. ಕೊರಳ ಮೂಳೆ (ಕಾಲರ್ ಬೋನ್) ಮುರಿದಿದೆ. ಎಡಗೈ ಎತ್ತಲಾಗದೆ ಮನೆಯಲ್ಲಿ ಕುಳಿತಿದ್ದಾರೆ, ಹಾಲಿನ ವರ್ತನೆಯೆಲ್ಲ ಬೇರೆಯವರ ಪಾಲಾಗಿದೆ. ಅದೇ ಗುಂಡಿಗೆ ಹಿಂದೆಯೂ ಹಲವರು ಬಿದ್ದಿದ್ದಾರೆ ಎಂದು ಎದುರಿನ ಅಂಗಡಿಯವರು ಹೇಳುತ್ತಾರೆ.

ಪಾಲಿಕೆಗೆ ಅರ್ಜಿ ಬರೆದು ಕೇಳಿದೆ: ಕಳೆದ ಮೂರು ವರ್ಷಗಳಲ್ಲಿ ರಸ್ತೆ ಗುಂಡಿಗಳಿಂದ ಎಷ್ಟು ಸೈಕಲ್ ಸವಾರರು ಗಾಯಗೊಂಡಿದ್ದಾರೆ? ಅವರ ಹೆಸರು, ವಿಳಾಸ ಕೊಡಿ. ಈ ಗುಂಡಿಯನ್ನು ಏಕೆ ಮುಚ್ಚಿಲ್ಲ? ಇದಕ್ಕೆ ಯಾರು ಹೊಣೆ?

ಬಂದ ಹಿಂಬರಹ ಒಂದೇ ಸಾಲು: ‘ತಾವು ಕೋರಿರುವ ಮಾಹಿತಿಯು ಈ ಕಚೇರಿಯ ಕಡತದಲ್ಲಿ ಲಭ್ಯವಿರುವುದಿಲ್ಲ.’ ಇಷ್ಟು ದೊಡ್ಡ ಕಚೇರಿಯಲ್ಲಿ ಇದರ ಲೆಕ್ಕವೇ ಇಲ್ಲವೇ? ಮೇಲ್ಮನವಿ ಹಾಕಲೇ, ಹೊಸ ಅರ್ಜಿ ಹಾಕಲೇ?

ಬೇಸತ್ತವನು

ಎರಡೂ ಬೇಡ. ಗುಂಡಿಯ ಫೋಟೊ ತೆಗೆದು ಆಯುಕ್ತರಿಗೂ ಸ್ಥಳೀಯ ಪತ್ರಿಕೆಗೂ ಕಳುಹಿಸಿ. ಪತ್ರಿಕೆಯಲ್ಲಿ ಬಂದ ಮರುದಿನ ಜಲ್ಲಿ ಲಾರಿ ಬರುತ್ತದೆ. ಮಾಹಿತಿ ಹಕ್ಕು ಅಂದರೆ ಕಾಗದ ಕಾಗದವನ್ನು ಹೆರುವ ವ್ಯವಹಾರ.

ಕಡತ ಪ್ರೇಮಿ

ಬೇಸತ್ತವನು ಅವರೇ, ಗುಂಡಿ ಮುಚ್ಚಿಸುವುದೇ ಗುರಿಯಾಗಿದ್ದರೆ ನಿಮ್ಮ ಮಾತು ಸರಿ. ಇವರಿಗೆ ಬೇಕಾಗಿರುವುದು ದಾಖಲೆ. ಜಲ್ಲಿ ಲಾರಿ ಬಂದು ಹೋದ ಮೇಲೆ ಅಲ್ಲಿ ಗುಂಡಿ ಇತ್ತು ಎಂಬುದಕ್ಕೇ ಸಾಕ್ಷಿ ಉಳಿಯುವುದಿಲ್ಲ.

ಎಡಬದಿಯ ಸವಾರರೇ, ಪಾಲಿಕೆಯಲ್ಲಿ ‘ಗುಂಡಿಯಿಂದ ಗಾಯಗೊಂಡ ಸೈಕಲ್ ಸವಾರರು’ ಎಂಬ ವಹಿಯನ್ನು ಯಾರೂ ಇಟ್ಟಿಲ್ಲ. ಆ ಉತ್ತರದಿಂದ ಸಿಟ್ಟು ಬರುತ್ತದೆ, ಆದರೆ ಅದು ಸುಳ್ಳಲ್ಲ. ಕಾಯ್ದೆಯ ಪ್ರಕಾರ ಕಚೇರಿಯಲ್ಲಿ ಇರುವ ದಾಖಲೆಯನ್ನು ಕೊಡಬೇಕು, ಇಲ್ಲದ್ದನ್ನು ನಿಮಗಾಗಿ ತಯಾರಿಸಿ ಕೊಡಬೇಕಾಗಿಲ್ಲ. 2011ರಲ್ಲಿ ಸಿಬಿಎಸ್‌ಇ ಮತ್ತು ಆದಿತ್ಯ ಬಂದೋಪಾಧ್ಯಾಯ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ. ‘ಏಕೆ ಮುಚ್ಚಿಲ್ಲ’, ‘ಯಾರು ಹೊಣೆ’ ಎಂಬುವು ಪ್ರಶ್ನೆಗಳು, ಅಂತಹ ಪ್ರಶ್ನೆಗೆ ಉತ್ತರ ಹೇಳುವ ಕಡತವಿಲ್ಲ.

ಇರುವ ದಾಖಲೆಗಳನ್ನು ಅವುಗಳ ಹೆಸರು ಹಿಡಿದೇ ಕೇಳಬೇಕು. ಪಾಲಿಕೆಯಲ್ಲಿ ದೂರು ವಹಿ ಇದೆ, ಕಾರ್ಯಾದೇಶ ಇದೆ, ಅಳತೆ ಪುಸ್ತಕ ಇದೆ, ಬಿಲ್ ಇದೆ. ಪೊಲೀಸರಲ್ಲಿ ಎಫ್‌ಐಆರ್ ಇದೆ, ಠಾಣಾ ದಿನಚರಿ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ಎಂಎಲ್‌ಸಿ ವಹಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಗಾಯದ ಪ್ರಕರಣಗಳ ವಹಿ ಇದೆ. ಇವನ್ನೆಲ್ಲ ತರಿಸಿಕೊಂಡು ಪಕ್ಕಪಕ್ಕ ಇಟ್ಟರೆ ನಿಮ್ಮ ಪ್ರಶ್ನೆಗೆ ಉತ್ತರ ತಾನಾಗಿ ಹೊರಬರುತ್ತದೆ.

ಎಡಬದಿಯ ಸವಾರ

ಧನ್ಯವಾದ ಸರ್. ಆದರೆ ಬೇರೆ ಕಚೇರಿಯಲ್ಲಿ ಮಾಹಿತಿ ಇದ್ದರೆ ಅವರೇ ವರ್ಗಾಯಿಸಬೇಕು ಎಂದು ಓದಿದ ನೆನಪು. ಆಸ್ಪತ್ರೆಗೆ, ಪೊಲೀಸರಿಗೆ ಅವರೇ ಕಳುಹಿಸಬೇಕಿತ್ತಲ್ಲವೇ?

ಕಪ್ಪು ಕೋಟು

ಸೆಕ್ಷನ್ 6(3). ಐದು ದಿನದೊಳಗೆ ಸಂಬಂಧಪಟ್ಟ ಪ್ರಾಧಿಕಾರಕ್ಕೆ ವರ್ಗಾಯಿಸಿ ಅರ್ಜಿದಾರರಿಗೆ ತಿಳಿಸಬೇಕು. ಮೇಲ್ಮನವಿಯಲ್ಲಿ ಈ ಅಂಶವನ್ನು ಖಂಡಿತ ಎತ್ತಬಹುದು. ಹಿಂಬರಹ ಕೈಸೇರಿದ 30 ದಿನದೊಳಗೆ ಮೊದಲನೇ ಮೇಲ್ಮನವಿ ಹಾಕಬೇಕು, ಆ ಗಡುವು ಮೀರದಂತೆ ನೋಡಿಕೊಳ್ಳಿ. ಆದರೆ ಅದನ್ನೇ ನಂಬಿ ಕೂರಬೇಡಿ. ಮೂರು ಕಚೇರಿಗೆ ಮೂರು ಹೊಸ ಅರ್ಜಿ ಹಾಕಿದರೆ ಕೆಲಸ ಬೇಗ ಆಗುತ್ತದೆ, ತಗಲುವುದು ತಲಾ ಹತ್ತು ರೂಪಾಯಿ ಶುಲ್ಕ.

ಇನ್ನೊಂದು ವಿಷಯ. ಕರ್ನಾಟಕದ ನಿಯಮಗಳಿಗೆ 2008ರಲ್ಲಿ ಆದ ತಿದ್ದುಪಡಿಯ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. ನೀವು ಗುಂಡಿ, ಗಾಯಾಳು, ಹೊಣೆಗಾರಿಕೆ ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ಕೇಳಿದ್ದೀರಿ. ಅದೊಂದೇ ನೆಪ ಹಿಡಿದು ತಿರಸ್ಕರಿಸುವ ಅಧಿಕಾರಿಗಳಿದ್ದಾರೆ.

ಮಲೆನಾಡ ಮಳೆ

150 ಪದದ ನಿಯಮ ಶುದ್ಧ ಅನ್ಯಾಯ. ಸರಿಯಾಗಿ ಬರೆಯಲು ಬಾರದ ರೈತ ತನ್ನ ಕಷ್ಟವನ್ನು ವಿವರಿಸಿ ಬರೆದರೆ ಪದ ಎಣಿಸಿ ವಾಪಸ್ ಕಳುಹಿಸುವುದೇ?

ಕಪ್ಪು ಕೋಟು

ಅನ್ಯಾಯವೇ. ಆದರೂ ನಿಯಮ ಜಾರಿಯಲ್ಲಿದೆ. ಚಿಕ್ಕದಾಗಿ ಬರೆದ ಅರ್ಜಿಗೆ ಜಾರಿಕೊಳ್ಳುವ ಉತ್ತರ ಕೊಡುವುದೂ ಕಷ್ಟ ಎಂಬುದನ್ನು ಮರೆಯಬೇಡಿ.

ಅಳತೆ ಪುಸ್ತಕ

ಲೋಕೋಪಯೋಗಿ ಕೆಲಸದಲ್ಲಿ ತಲೆ ನರೆಸಿಕೊಂಡು ನಿವೃತ್ತನಾದವನು ನಾನು. ಏನು ಕೇಳಬೇಕೆಂದು ಕಚೇರಿಯ ಒಳಗಿದ್ದವನಾಗಿ ಹೇಳುತ್ತೇನೆ.

ಮೊದಲಿಗೆ ಆ ರಸ್ತೆಗೆ ಕೊನೆಯ ಬಾರಿ ಡಾಂಬರು ಹಾಕಿದ ಕಾಮಗಾರಿಯ ಕಾರ್ಯಾದೇಶ ಮತ್ತು ಕರಾರು ಪತ್ರ ಕೇಳಿ. ಅದರಲ್ಲಿ ದೋಷ ಹೊಣೆಗಾರಿಕೆ ಅವಧಿ ಎಂದು ಇರುತ್ತದೆ. ನಾವು ಕಚೇರಿಯಲ್ಲಿ ಡಿಎಲ್‌ಪಿ ಎನ್ನುತ್ತೇವೆ. ಆ ಅವಧಿಯಲ್ಲಿ ರಸ್ತೆ ಕಿತ್ತುಹೋದರೆ ಗುತ್ತಿಗೆದಾರ ತನ್ನ ಖರ್ಚಿನಲ್ಲೇ ಸರಿಪಡಿಸಬೇಕು, ಅವನ ಭದ್ರತಾ ಠೇವಣಿ ಇಲಾಖೆಯ ಹತ್ತಿರವೇ ಇರುತ್ತದೆ. ನಿಮ್ಮ ಚಿಕ್ಕಪ್ಪ ಬಿದ್ದ ದಿನ ಆ ಅವಧಿ ಮುಗಿದಿರಲಿಲ್ಲ ಎಂದಾದರೆ ‘ಯಾರು ಹೊಣೆ’ ಎಂದು ನೀವು ಯಾರನ್ನೂ ಕೇಳಬೇಕಾಗಿಲ್ಲ, ಕರಾರು ಪತ್ರದಲ್ಲೇ ಬರೆದಿರುತ್ತದೆ.

ಎರಡನೆಯದು ಗುಂಡಿ ಮುಚ್ಚಿದ ಕಾಮಗಾರಿಯ ಅಳತೆ ಪುಸ್ತಕ. ಅದರ ಪುಟದಲ್ಲಿ ಗುಂಡಿಗಳ ಸಂಖ್ಯೆ, ಉದ್ದ, ಅಗಲ, ಆಳ, ಪ್ರಮಾಣ ಎಂದು ಅಂಕಣಗಳಿರುತ್ತವೆ. ಉದಾಹರಣೆಗೆ 12 ಗುಂಡಿ, 0.60 ಮೀಟರ್ ಉದ್ದ, 0.45 ಅಗಲ, 0.075 ಆಳ ಎಂದಿದ್ದರೆ ಪ್ರಮಾಣ 0.243 ಘನ ಮೀಟರ್ ಎಂದು ಬರೆದು, ಅಳತೆ ಮಾಡಿದ ದಿನಾಂಕ ಹಾಕಿ, ಎಂಜಿನಿಯರ್ ಸಹಿ ಮಾಡಿರುತ್ತಾರೆ. ಆ ದಿನಾಂಕವನ್ನು ನಿಮ್ಮ ಫೋಟೊದ ದಿನಾಂಕದೊಂದಿಗೆ ಹೋಲಿಸಿ ನೋಡಿ. ಮುಚ್ಚಿದ್ದೇವೆ ಎಂದು ಬಿಲ್ ಆದ ಗುಂಡಿಗೇ ಅವರು ಆಮೇಲೆ ಬಿದ್ದಿದ್ದರೆ ವಿಷಯ ಗಂಭೀರ.

ಹನ್ನೆರಡು ಗುಂಡಿಗೂ ಉದ್ದ, ಅಗಲ, ಆಳ ಒಂದೇ ಎಂದು ಬರೆದಿದ್ದರೆ ಅದನ್ನೂ ಗುರುತು ಹಾಕಿಕೊಳ್ಳಿ. ರಸ್ತೆಯಲ್ಲಿ ಗುಂಡಿಗಳು ಹಾಗೆ ಒಂದೇ ಅಚ್ಚಿನಲ್ಲಿ ಬೀಳುವುದಿಲ್ಲ.

ದತ್ತಾಂಶ

ಈ ಪುಟದ ಮಾಹಿತಿಗಾಗಿಯೇ ನಾನು ಇಲ್ಲಿಗೆ ಬರುವುದು. ಅಳತೆ ಪುಸ್ತಕವನ್ನು ಸಾಮಾನ್ಯರು ಕೇಳಿದರೆ ಕೊಡುತ್ತಾರೆಯೇ ಸರ್?

ಅಳತೆ ಪುಸ್ತಕ

ಕೊಡಲೇಬೇಕು. ಸಾರ್ವಜನಿಕ ಹಣ ಖರ್ಚಾದ ದಾಖಲೆ ಅದು. ನಕಲು ಕೊಡಲು ಸತಾಯಿಸಿದರೆ ಪರಿಶೀಲನೆ ಕೇಳಿ. ಸೆಕ್ಷನ್ 2(ಜೆ) ಪ್ರಕಾರ ಕಡತವನ್ನು, ಕಾಮಗಾರಿಯನ್ನು ಖುದ್ದಾಗಿ ನೋಡಬಹುದು, ಟಿಪ್ಪಣಿ ಮಾಡಿಕೊಳ್ಳಬಹುದು, ದೃಢೀಕೃತ ನಕಲು ಪಡೆಯಬಹುದು. ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ಅದೇ ಸೆಕ್ಷನ್‌ನಲ್ಲಿದೆ. ಡಾಂಬರು ಮಿಶ್ರಣದ ಮಾದರಿಯನ್ನು ನೀವು ಕಾನೂನುಬದ್ಧವಾಗಿ ಕೇಳಬಹುದು ಎಂಬುದು ಬಹಳ ಜನರಿಗೆ ಗೊತ್ತಿಲ್ಲ.

ಕಡತ ನೋಡಲು ಹೋಗುವಾಗ ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ. ವಿಷಯ ನಿರ್ವಾಹಕರು ಕಡತ ತೋರಿಸಿದ ಮೇಲೆ ಯಾವ ಪುಟಗಳ ನಕಲು ಬೇಕೆಂದು ಬರೆದುಕೊಟ್ಟು ಅಲ್ಲೇ ಸ್ವೀಕೃತಿ ಪಡೆಯಿರಿ. ಎ4 ಪುಟಕ್ಕೆ ಎರಡು ರೂಪಾಯಿ.

ಬೇಸತ್ತವನು

ಸರ್, ನಿಮ್ಮ ಮೇಲೆ ಗೌರವವಿದೆ. ಆದರೆ ಅಳತೆ ಪುಸ್ತಕ ಬರೆದವರೂ ನಿಮ್ಮ ಇಲಾಖೆಯವರೇ ಅಲ್ಲವೇ? ಬಿಲ್ ಆದ ಗುಂಡಿ ರಸ್ತೆಯಲ್ಲಿ ಬಾಯಿ ತೆರೆದುಕೊಂಡೇ ಇರುತ್ತದೆ ಎಂಬುದು ನಿಮಗೆ ಸೇವೆಯಲ್ಲಿದ್ದಾಗ ಗೊತ್ತಿರಲಿಲ್ಲವೇ?

ಅಳತೆ ಪುಸ್ತಕ

ಗೊತ್ತಿತ್ತು, ಟಿಪ್ಪಣಿಯನ್ನೂ ಬರೆದಿದ್ದೇನೆ. ಎಲ್ಲ ಎಂಜಿನಿಯರುಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಮಳೆ ಹಿಡಿದಿರುವಾಗ ‘ನಾಳೆಯೊಳಗೆ ಮುಚ್ಚಿ’ ಎಂದು ಮೇಲಿನಿಂದ ಫೋನ್ ಬರುತ್ತದೆ. ಸರಿಯಾಗಿ ಮುಚ್ಚಬೇಕಾದರೆ ಗುಂಡಿಯ ಅಂಚನ್ನು ಚೌಕವಾಗಿ, ನೆಟ್ಟಗೆ ಕತ್ತರಿಸಬೇಕು. ಒಳಗಿನ ನೀರು, ದೂಳು, ಸಡಿಲ ಜಲ್ಲಿ ತೆಗೆಯಬೇಕು. ಟ್ಯಾಕ್ ಕೋಟ್, ಅಂದರೆ ಅಂಟು ಹಿಡಿಯಲು ತೆಳು ಡಾಂಬರು ಬಳಿದು, ಮಿಶ್ರಣ ತುಂಬಿ, ದಮ್ಮಸು ಮಾಡಬೇಕು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಐಆರ್‌ಸಿ 82ರಲ್ಲಿ ಡಾಂಬರು ರಸ್ತೆ ನಿರ್ವಹಣೆಯ ಕ್ರಮ ಇದೆ, ಗುಂಡಿ ಮುಚ್ಚುವ ಸಿದ್ಧ ಮಿಶ್ರಣಕ್ಕೆ ಐಆರ್‌ಸಿ 116 ಇದೆ. ನೀರು ನಿಂತ ಗುಂಡಿಗೆ ಮಿಶ್ರಣ ಸುರಿದು ಸಲಿಕೆಯ ಬೆನ್ನಿನಿಂದ ತಟ್ಟಿದರೆ ನಾಲ್ಕು ಬಸ್ ಓಡಾಡುವಷ್ಟರಲ್ಲಿ ಎದ್ದುಬರುತ್ತದೆ. ಮೂಲ ರೋಗ ಚರಂಡಿಯದು. ರಸ್ತೆಯ ಅಂಚಿನ ನೀರು ಹರಿದುಹೋಗದಿದ್ದರೆ ಡಾಂಬರು ಜಲ್ಲಿಯನ್ನು ಬಿಟ್ಟುಬಿಡುತ್ತದೆ.

ತ್ರಿಕೋನ ಚೌಕಟ್ಟು

ಆ ಅಂಚಿನಲ್ಲೇ ನಾವು ಸೈಕಲ್ ಓಡಿಸುವುದು ಸರ್. ಕಾರಿನವರು ಹಾರ್ನ್ ಹೊಡೆದು ಎಡಕ್ಕೆ ಒತ್ತುತ್ತಾರೆ, ಎಡಕ್ಕೆ ಹೋದರೆ ನೀರು ನಿಂತು ಕಿತ್ತುಹೋದ ಡಾಂಬರು. ಅದನ್ನು ದಾಟಿದರೆ ಚರಂಡಿಯ ಕಬ್ಬಿಣದ ಜಾಲರಿ. ಜಾಲರಿಯ ಸಂದುಗಳು ರಸ್ತೆ ಹೋಗುವ ದಿಕ್ಕಿಗೇ ಇದ್ದರೆ ಸೈಕಲ್ಲಿನ ತೆಳು ಟೈರ್ ಸೀದಾ ಒಳಗೆ ಇಳಿಯುತ್ತದೆ. ಅಡ್ಡಲಾಗಿ ಇಟ್ಟರೆ ಈ ಅಪಾಯ ಇಲ್ಲ. ಜಾಲರಿಯನ್ನು ತಿರುಗಿಸಿ ಇಡಲು ಯಾವ ಟೆಂಡರ್ ಬೇಕು?

ಕಾರಿಗೆ ಗುಂಡಿ ಅಂದರೆ ಒಂದು ಕುಲುಕಾಟ. ಸೈಕಲ್ಲಿಗೆ ಅದು ಆಸ್ಪತ್ರೆ.

ಮಲೆನಾಡ ಮಳೆ

ಹೆಲ್ಮೆಟ್ ಹಾಕುತ್ತೀರಾ?

ತ್ರಿಕೋನ ಚೌಕಟ್ಟು

ಹಾಕುತ್ತೇನೆ. ಎಲ್ಲರೂ ಹಾಕಲಿ ಎಂದೂ ಹೇಳುತ್ತೇನೆ. ಆದರೆ ಇವರ ಚಿಕ್ಕಪ್ಪನಿಗೆ ಮುರಿದಿರುವುದು ಕೊರಳ ಮೂಳೆ. ಹೆಲ್ಮೆಟ್ ಅದನ್ನು ಉಳಿಸುತ್ತಿರಲಿಲ್ಲ. ಗುಂಡಿಯ ವಿಷಯ ಬಂದಾಗಲೆಲ್ಲ ಮಾತು ಬಿದ್ದವನ ತಲೆಯ ಕಡೆಗೆ ತಿರುಗುವುದು ನನಗೆ ಸರಿ ಕಾಣುವುದಿಲ್ಲ.

ರಾತ್ರಿ ಪಾಳಿ

ಸರ್ಕಾರಿ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದಲ್ಲಿ ದಾದಿಯಾಗಿ ಕೆಲಸ ಮಾಡುವವಳು ನಾನು. ಯಾರೂ ಹೇಳದ ಒಂದು ಮಾತನ್ನು ಹೇಳಬೇಕು.

ಸೈಕಲ್‌ನಿಂದ ಬಿದ್ದವರು ಬಂದಾಗ ‘ಹೇಗಾಯಿತು’ ಎಂದು ಕೇಳುತ್ತೇವೆ. ‘ಸೈಕಲ್‌ನಿಂದ ಬಿದ್ದೆ’ ಎನ್ನುತ್ತಾರೆ. ವಹಿಯಲ್ಲಿ ‘ಸೈಕಲ್‌ನಿಂದ ತಾನಾಗಿ ಬಿದ್ದು ಗಾಯ’ ಎಂದು ದಾಖಲಾಗುತ್ತದೆ. ಗುಂಡಿ ಅಲ್ಲಿಗೇ ಮಾಯವಾಗುತ್ತದೆ. ಎಷ್ಟೋ ಬಾರಿ ಬೇರೆ ವಾಹನ ಡಿಕ್ಕಿ ಹೊಡೆದಿಲ್ಲ ಎಂಬ ಕಾರಣಕ್ಕೆ ಎಂಎಲ್‌ಸಿಯನ್ನೇ ಮಾಡುವುದಿಲ್ಲ, ಹೊರರೋಗಿ ಚೀಟಿಯಲ್ಲಿ ಮುಗಿದುಹೋಗುತ್ತದೆ. ಎಂಎಲ್‌ಸಿ ಇಲ್ಲದಿದ್ದರೆ ಪೊಲೀಸರಿಗೆ ಸೂಚನೆ ಹೋಗುವುದಿಲ್ಲ.

ದಯವಿಟ್ಟು ಎಲ್ಲರೂ ತಿಳಿದುಕೊಳ್ಳಿ: ಗುಂಡಿಗೆ ಬಿದ್ದು ಆಸ್ಪತ್ರೆಗೆ ಬಂದರೆ ವೈದ್ಯರಿಗೆ ಸ್ಪಷ್ಟವಾಗಿ ಹೇಳಿ, ‘ಇಂಥ ರಸ್ತೆಯಲ್ಲಿ, ಇಷ್ಟು ಗಂಟೆಗೆ, ಗುಂಡಿಗೆ ಚಕ್ರ ಇಳಿದು ಬಿದ್ದೆ’ ಎಂದು. ಹಾಗೆಯೇ ಬರೆದಿದ್ದಾರೆಯೇ ಎಂದು ಚೀಟಿ ನೋಡಿಕೊಳ್ಳಿ. ನೋವಿನಲ್ಲಿರುವಾಗ ಇದು ಯಾರಿಗೂ ಹೊಳೆಯುವುದಿಲ್ಲ, ಜೊತೆಗೆ ಬಂದವರಾದರೂ ಹೇಳಬೇಕು.

ಎಡಬದಿಯ ಸವಾರ

ಅಕ್ಕ, ಈಗಷ್ಟೇ ಚಿಕ್ಕಪ್ಪನ ಚೀಟಿ ತೆಗೆದು ನೋಡಿದೆ. ‘ಸೈಕಲ್‌ನಿಂದ ಬಿದ್ದು’ ಎಂದಷ್ಟೇ ಇದೆ. ಇನ್ನು ಏನೂ ಮಾಡಲಾಗದೇ?

ರಾತ್ರಿ ಪಾಳಿ

ಚೀಟಿ ತಿದ್ದಿಸಲು ಹೋಗಬೇಡಿ, ಅದರಿಂದ ತೊಂದರೆಯೇ ಹೆಚ್ಚು. 108ಕ್ಕೆ ಕರೆ ಮಾಡಿದ್ದರೇ? ಕರೆ ಬಂದ ಸಮಯ, ಸ್ಥಳ, ಕರೆದವರು ಹೇಳಿದ ಕಾರಣ ಅಲ್ಲಿ ದಾಖಲಾಗಿರುತ್ತದೆ. ಕರೆದುಕೊಂಡು ಬಂದವರು ಆ ಅಂಗಡಿಯವರಾದರೆ ಅವರ ಹೇಳಿಕೆ ಬರೆಸಿ ಇಟ್ಟುಕೊಳ್ಳಿ.

ಎಡಬದಿಯ ಸವಾರ

ಹೌದು, ಅಂಗಡಿಯವರೇ 108ಕ್ಕೆ ಕರೆ ಮಾಡಿದ್ದು! ಇದು ನನಗೆ ಹೊಳೆದೇ ಇರಲಿಲ್ಲ.

ಕಡತ ಪ್ರೇಮಿ

ಹಾಗಾದರೆ ಆರೋಗ್ಯ ಇಲಾಖೆಗೆ ಒಂದು ಅರ್ಜಿ ಹೋಗಲಿ. ದಿನಾಂಕ, ಅಂದಾಜು ಸಮಯ, ಸ್ಥಳ ಬರೆದು ಆ ಕರೆಯ ದಾಖಲೆಯ ನಕಲು ಕೇಳಿ. ಚಿಕ್ಕಪ್ಪನ ಹೆಸರಿನಲ್ಲೇ ಅರ್ಜಿ ಹಾಕಿಸಿ, ತಮ್ಮದೇ ದಾಖಲೆ ಕೇಳುವವರಿಗೆ ‘ವೈಯಕ್ತಿಕ ಮಾಹಿತಿ’ ಎಂಬ ಅಡ್ಡಿ ಹೇಳುವುದು ಕಷ್ಟ.

ದತ್ತಾಂಶ

ದೇಶದ ಲೆಕ್ಕದಲ್ಲೂ ಇದೇ ತೊಡಕು. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ರಸ್ತೆ ಅಪಘಾತದಲ್ಲಿ ಸತ್ತವರು 1,68,491 ಜನ, ಅದರಲ್ಲಿ ಗುಂಡಿಯ ಕಾರಣಕ್ಕೆ 1,856. ಇವೆಲ್ಲ ಪೊಲೀಸರಿಗೆ ವರದಿಯಾದ ಪ್ರಕರಣಗಳು. ಹಾಲಿನವರು, ಪೇಪರ್ ಹಾಕುವ ಹುಡುಗರು ತಾವಾಗಿ ಬಿದ್ದು ಎದ್ದು ಮನೆಗೆ ಹೋದದ್ದು ಇಲ್ಲಿ ಬರುವುದೇ ಇಲ್ಲ. 2013ರಿಂದ 2017ರವರೆಗೆ ಗುಂಡಿಗಳಿಂದ 14,926 ಜನ ಸತ್ತಿದ್ದಾರೆ ಎಂಬ ಅಂಕಿಯನ್ನು ನೋಡಿ 2018ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಗಾಬರಿ ವ್ಯಕ್ತಪಡಿಸಿತ್ತು. ನಿಜವಾದ ಸಂಖ್ಯೆ ಅದಕ್ಕಿಂತ ಕಡಿಮೆ ಇರಲು ಸಾಧ್ಯವೇ ಇಲ್ಲ.

ಪೊಲೀಸರು ಅಪಘಾತ ದಾಖಲಿಸುವ ನಮೂನೆಯಲ್ಲಿ ರಸ್ತೆಯ ಲಕ್ಷಣ ಎಂಬ ಅಂಕಣದಲ್ಲಿ ಗುಂಡಿಯೂ ಒಂದು ಆಯ್ಕೆ. ಗಾಯಾಳು ಯಾವ ವಾಹನದಲ್ಲಿದ್ದರು ಎಂಬ ಇನ್ನೊಂದು ಅಂಕಣದಲ್ಲಿ ಸೈಕಲ್ ಇದೆ. ವಾರ್ಷಿಕ ವರದಿಯಲ್ಲಿ ಇವು ಬೇರೆ ಬೇರೆ ಕೋಷ್ಟಕಗಳಾಗಿ ಬರುತ್ತವೆ. ನಮಗೆ ಬೇಕಾದದ್ದು ಎರಡೂ ಕೂಡುವ ಸಾಲು. ಈಗ ಐ-ರಾಡ್ ಎಂಬ ಅಪಘಾತ ದತ್ತಾಂಶ ವ್ಯವಸ್ಥೆ ಇದೆ, ಅದು ಮೊದಲು ಪ್ರಯೋಗವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಹೆಸರು, ವಾಹನ ಸಂಖ್ಯೆ ತೆಗೆದು ಉಳಿದ ಅಂಕಣಗಳನ್ನು ಗಣಕ ರೂಪದಲ್ಲೇ ಕೊಡಿ ಎಂದು ಕೇಳಬಹುದು.

ಕಪ್ಪು ಕೋಟು

ಗಣಕ ರೂಪದಲ್ಲಿ ಕೇಳುವ ಹಕ್ಕು ಇದೆ. ಕಾಯ್ದೆ 2005ರದ್ದಾದ್ದರಿಂದ ಸೆಕ್ಷನ್ 2(ಜೆ)ಯಲ್ಲಿ ‘ಡಿಸ್ಕೆಟ್, ಫ್ಲಾಪಿ’ ಎಂದಿದೆ, ‘ಅಥವಾ ಬೇರಾವುದೇ ವಿದ್ಯುನ್ಮಾನ ರೂಪ’ ಎಂಬ ಮಾತೂ ಇದೆ. ಆದರೆ ಅಂಕಣಗಳನ್ನು ಆರಿಸಿ ಕೊಡುವುದು ಹೊಸ ಮಾಹಿತಿ ಸೃಷ್ಟಿಸಿದಂತೆ ಎಂದು ಅಧಿಕಾರಿ ವಾದಿಸಬಹುದು.

ದತ್ತಾಂಶ

ಇರುವ ಪಟ್ಟಿಯನ್ನು ಸೋಸುವುದು ಸೃಷ್ಟಿ ಹೇಗಾಗುತ್ತದೆ ಸರ್? ಗಣಕದಲ್ಲಿ ಎರಡು ಕೀಲಿ ಒತ್ತಿದರೆ ಬರುವ ಪಟ್ಟಿ.

ಕಪ್ಪು ಕೋಟು

ನಾನು ನಿಮ್ಮ ಪರವೇ. ಮಾಹಿತಿ ಆಯೋಗದ ಮುಂದೆ ಈ ವಾದ ಹೇಗೆ ಬರಬಹುದು ಎಂದು ಹೇಳುತ್ತಿದ್ದೇನೆ. ಸೆಕ್ಷನ್ 10 ನಿಮಗೆ ನೆರವಾಗುತ್ತದೆ, ಕೊಡಬಾರದ ಭಾಗವನ್ನು ಬೇರ್ಪಡಿಸಿ ಉಳಿದದ್ದನ್ನು ಕೊಡಬೇಕು ಎನ್ನುತ್ತದೆ ಅದು. ಕೊಡಲು ನಿರಾಕರಿಸಿದ್ದು ಸರಿ ಎಂದು ಸಾಬೀತುಪಡಿಸುವ ಹೊರೆಯೂ ಸೆಕ್ಷನ್ 19(5)ರ ಪ್ರಕಾರ ಅಧಿಕಾರಿಯ ಮೇಲೆಯೇ ಇದೆ.

ಗಾಯಾಳುಗಳ ಹೆಸರು, ವಿಳಾಸ ಮಾತ್ರ ಕೇಳಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಮೂಲಕ ಸೆಕ್ಷನ್ 8(1)(ಜೆ)ಯನ್ನು ತಿದ್ದಿ, ವೈಯಕ್ತಿಕ ಮಾಹಿತಿ ಎಂದರೆ ಸಾಕು, ನಿರಾಕರಿಸಬಹುದು ಎಂಬಂತೆ ಮಾಡಿದ್ದಾರೆ. ಸಾರ್ವಜನಿಕ ಹಿತ ದೊಡ್ಡದಿದ್ದರೆ ಕೊಡಬಹುದು ಎನ್ನುವ 8(2) ಉಳಿದಿದೆ, ಆದರೆ ಅದಕ್ಕಾಗಿ ಗುದ್ದಾಡಬೇಕು.

ಕಡತ ಪ್ರೇಮಿ

ಆ ತಿದ್ದುಪಡಿ ಈ ಕಾಯ್ದೆಯ ಬೆನ್ನುಮೂಳೆಗೇ ಬಿದ್ದ ಪೆಟ್ಟು. ಗುತ್ತಿಗೆದಾರನ ಹೆಸರನ್ನೂ ‘ವೈಯಕ್ತಿಕ’ ಎಂದು ಮುಚ್ಚಿಡುವ ದಿನ ಬರುತ್ತದೆಯೇನೋ ಎಂಬ ಚಿಂತೆ ನನಗಿದೆ. ಸಾರ್ವಜನಿಕ ಹಣ ಪಡೆದವರ ಹೆಸರು, ಬಿಲ್ ಮೊತ್ತ ಎಲ್ಲ ಸೆಕ್ಷನ್ 4ರ ಪ್ರಕಾರ ಯಾರೂ ಕೇಳದೆಯೇ ಪ್ರಕಟಿಸಬೇಕಾದ ಮಾಹಿತಿ.

ಬೇಸತ್ತವನು

ಒಬ್ಬ ಅಧಿಕಾರಿ ನನಗೆ ಫೋನ್ ಮಾಡಿ ‘ಈ ಮಾಹಿತಿ ನಿಮಗೆ ಏಕೆ ಬೇಕು’ ಎಂದು ಕೇಳಿದ್ದರು. ಅಲ್ಲಿಗೆ ನನಗೆ ಸಾಕಾಗಿತ್ತು. ಅರ್ಜಿ ಹಾಕಿ ಹಣ ಕೀಳುವ ಕೆಲವರಿಂದಾಗಿ ಎಲ್ಲರನ್ನೂ ಕಳ್ಳರಂತೆ ನೋಡುತ್ತಾರೆ.

ಕಡತ ಪ್ರೇಮಿ

ಕಾರಣ ಹೇಳಬೇಕಾಗಿಲ್ಲ, ಸೆಕ್ಷನ್ 6(2). ಹೀಗೆ ಫೋನ್ ಬಂದರೆ ‘ಲಿಖಿತವಾಗಿ ಕೇಳಿ ಸರ್’ ಎಂದು ನಯವಾಗಿ ಹೇಳಿ. ಹಣ ಕೀಳುವವರು ಇದ್ದಾರೆ, ಇಲ್ಲವೆನ್ನುವುದಿಲ್ಲ. ಅವರಿಗೆ ಹೆದರಿ ಹಾಲಿನವರು ಅರ್ಜಿ ಹಾಕುವುದನ್ನು ಬಿಡಬೇಕೇ?

ಮಲೆನಾಡ ಮಳೆ

ಪ್ರಾಣಕ್ಕೆ ಸಂಬಂಧಿಸಿದ ಮಾಹಿತಿಯನ್ನು 48 ಗಂಟೆಯಲ್ಲಿ ಕೊಡಬೇಕಲ್ಲ. ಗುಂಡಿ ಪ್ರಾಣಕ್ಕೆ ಸಂಬಂಧಿಸಿದ್ದೇ. ಹಾಗೆ ಕೇಳಬಹುದಲ್ಲವೇ?

ಕಪ್ಪು ಕೋಟು

ಕೇಳಬಹುದು, ಒಪ್ಪುವುದಿಲ್ಲ. ಒಬ್ಬ ವ್ಯಕ್ತಿಯ ಜೀವಕ್ಕೆ ಅಥವಾ ಸ್ವಾತಂತ್ರ್ಯಕ್ಕೆ ಈ ಕ್ಷಣವೇ ಕುತ್ತು ಬಂದಿದೆ ಎಂಬಂತಹ ಸಂದರ್ಭಕ್ಕೆ ಅದು ಇರುವುದು. ಸಾಮಾನ್ಯ ಗಡುವು 30 ದಿನ. ಅದು ಮೀರಿದರೆ ಮಾಹಿತಿಯನ್ನು ಉಚಿತವಾಗಿ ಕೊಡಬೇಕು. ಸಕಾರಣವಿಲ್ಲದೆ ತಡಮಾಡಿದ್ದು ಸಾಬೀತಾದರೆ ಆಯೋಗ ದಿನಕ್ಕೆ 250 ರೂಪಾಯಿಯಂತೆ ಗರಿಷ್ಠ 25,000 ರೂಪಾಯಿ ದಂಡ ಹಾಕಬಹುದು.

ಬೆಂದಕಾಳೂರು

ಬೆಂಗಳೂರಿನವರಿಗೆ ಒಂದು ಎಚ್ಚರಿಕೆ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಐದು ಪಾಲಿಕೆಗಳು ಬಂದಿವೆ: ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ. ಹಳೆಯ ಕಾಮಗಾರಿಯ ಕಡತ ಯಾರ ಬಳಿ ಇದೆ ಎಂದು ಅರ್ಜಿದಾರರು ಅಲೆಯಬೇಕಾಗಿಲ್ಲ. ರಸ್ತೆ ಇರುವ ಪಾಲಿಕೆಗೆ ಹಾಕಿ, ‘ತಮ್ಮಲ್ಲಿ ಇಲ್ಲದಿದ್ದರೆ 6(3)ರಂತೆ ವರ್ಗಾಯಿಸಿ’ ಎಂದು ಕೊನೆಯಲ್ಲಿ ಒಂದು ಸಾಲು ಸೇರಿಸಿ. ರಸ್ತೆಯನ್ನು ನೀರಿನ ಕೊಳವೆಗೋ ಕೇಬಲ್‌ಗೋ ಅಗೆದಿದ್ದರೆ ಅಗೆಯಲು ಕೊಟ್ಟ ಅನುಮತಿ ಪತ್ರ, ರಸ್ತೆ ಮೊದಲಿನಂತೆ ಮಾಡಲು ಕಟ್ಟಿಸಿಕೊಂಡ ಹಣದ ರಸೀದಿ ಎರಡನ್ನೂ ಕೇಳಿ. ಎಷ್ಟೋ ಗುಂಡಿಗಳು ನಿಜದಲ್ಲಿ ಅರ್ಧ ಮುಚ್ಚಿದ ಅಗೆತಗಳು.

ಶಾಲೆ ಮೇಷ್ಟ್ರು

ವಿಷಯ ಸ್ವಲ್ಪ ಬೇರೆ, ಆದರೂ ಹೇಳುತ್ತೇನೆ. 2006-07ರಿಂದ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುತ್ತಿತ್ತು. ಹಳ್ಳಿಯ ಹೆಣ್ಣುಮಕ್ಕಳು ಹೈಸ್ಕೂಲು ಬಿಡದಂತೆ ತಡೆದ ಯೋಜನೆ ಅದು, ನನ್ನ ಕಣ್ಣಾರೆ ಕಂಡಿದ್ದೇನೆ. ಸೈಕಲ್ ಕೊಟ್ಟರು, ಅದು ಓಡುವ ರಸ್ತೆಯ ಅಂಚನ್ನು ಯಾರೂ ನೋಡಲಿಲ್ಲ. ಮೊಣಕಾಲು ತರಚಿಕೊಂಡು, ಸಮವಸ್ತ್ರ ಕೆಸರು ಮಾಡಿಕೊಂಡು ಬಂದ ಮಕ್ಕಳಿಗೆ ಶಾಲೆಯ ಪ್ರಥಮ ಚಿಕಿತ್ಸೆ ಪೆಟ್ಟಿಗೆಯಿಂದ ಟಿಂಚರ್ ಹಚ್ಚಿದ್ದೇವೆ. ಅದು ಯಾವ ವಹಿಯಲ್ಲೂ ಇಲ್ಲ.

ರಾತ್ರಿ ಪಾಳಿ

ಮೇಷ್ಟ್ರೇ, ಶಾಲೆಯಲ್ಲಿ ಅದಕ್ಕೊಂದು ನೋಟ್‌ಬುಕ್ ಇಡಿ. ದಿನಾಂಕ, ಸ್ಥಳ, ಗಾಯ, ಅಷ್ಟು ಸಾಕು. ಸರ್ಕಾರಿ ಶಾಲೆಯಲ್ಲಿ ಬರೆದಿಟ್ಟದ್ದೂ ಸಾರ್ವಜನಿಕ ದಾಖಲೆಯೇ ಅಲ್ಲವೇ?

ಶಾಲೆ ಮೇಷ್ಟ್ರು

ನಾಳೆಯೇ ಶುರುಮಾಡುತ್ತೇನೆ ತಾಯಿ.

ಎಡಬದಿಯ ಸವಾರ

ಪರಿಹಾರ ಕೇಳಬಹುದೇ? ಅಪಘಾತ ನ್ಯಾಯಮಂಡಳಿಗೆ ಹೋಗಿ ಎಂದು ಒಬ್ಬರು ಹೇಳಿದರು.

ಕಪ್ಪು ಕೋಟು

ಅಲ್ಲಿಗೆ ಹೋಗಿ ಸಮಯ ಕಳೆಯಬೇಡಿ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 165ರ ನ್ಯಾಯಮಂಡಳಿ ಇರುವುದು ಮೋಟಾರು ವಾಹನದ ಬಳಕೆಯಿಂದಾದ ಅಪಘಾತಕ್ಕೆ. ನಿಮ್ಮ ಚಿಕ್ಕಪ್ಪನಿಗೆ ಯಾವ ವಾಹನವೂ ತಗುಲಿಲ್ಲ. ವಿಮಾ ಕಂಪನಿಯೂ ಇಲ್ಲ, ಎದುರು ಪಕ್ಷದ ಚಾಲಕನೂ ಇಲ್ಲ. ಒಂಟಿಯಾಗಿ ಗುಂಡಿಗೆ ಬೀಳುವ ಸೈಕಲ್ ಸವಾರ ಕಾನೂನಿನಲ್ಲಿ ಅನಾಥ. ಅದಕ್ಕೇ ದಾಖಲೆ ಅವನಿಗೆ ಬೇರೆಯವರಿಗಿಂತ ಹೆಚ್ಚು ಬೇಕು.

ದಾರಿ ಇಲ್ಲದಿಲ್ಲ. ಬೆಂಗಳೂರಿನ ರಸ್ತೆಗಳ ಬಗ್ಗೆ ಹಾಕಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಲ್ಲಿ 2019ರಲ್ಲಿ ಕರ್ನಾಟಕ ಹೈಕೋರ್ಟ್, ಸುಸ್ಥಿತಿಯ ರಸ್ತೆ ಸಂವಿಧಾನದ 21ನೇ ವಿಧಿಯ ಹಕ್ಕಿಗೆ ಸೇರಿದ್ದು, ಗುಂಡಿಯಿಂದ ಹಾನಿಗೊಂಡವರು ಪಾಲಿಕೆಯಿಂದ ಪರಿಹಾರ ಕೇಳಬಹುದು ಎಂದಿತು. 2025ರ ಅಕ್ಟೋಬರ್‌ನಲ್ಲಿ ಬಾಂಬೆ ಹೈಕೋರ್ಟ್ ಗುಂಡಿಯಿಂದ ಸಾವಾದರೆ 6 ಲಕ್ಷ, ಗಾಯಕ್ಕೆ ತೀವ್ರತೆ ನೋಡಿ 50,000ದಿಂದ 2.5 ಲಕ್ಷ ರೂಪಾಯಿ ಎಂದು ಆದೇಶಿಸಿತು. ಅದು ಮಹಾರಾಷ್ಟ್ರಕ್ಕೆ ಅನ್ವಯಿಸುವ ಆದೇಶ, ನಮ್ಮಲ್ಲಿ ವಾದಕ್ಕೆ ಬಲ ಕೊಡುತ್ತದೆ. ಮೊದಲು ಆಯುಕ್ತರಿಗೆ ದಾಖಲೆಗಳ ಸಮೇತ ಪರಿಹಾರದ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ. ದಾವೆ ಹೂಡಲು ನೋಟಿಸು, ಕಾಲಮಿತಿ ಎಲ್ಲ ಇರುತ್ತದೆ, ಆದ್ದರಿಂದ ಊರಿನ ವಕೀಲರನ್ನು ಬೇಗ ಕಾಣಿರಿ.

ತ್ರಿಕೋನ ಚೌಕಟ್ಟು

ಮೋಟಾರು ವಾಹನ ಕಾಯ್ದೆಯಲ್ಲಿ ರಸ್ತೆ ಕಟ್ಟಿದವರಿಗೂ ದಂಡ ಇದೆ ಎಂದು ಕೇಳಿದ್ದೆ.

ಕಪ್ಪು ಕೋಟು

198ಎ, 2019ರ ತಿದ್ದುಪಡಿಯಲ್ಲಿ ಸೇರಿದ್ದು. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಉಂಟಾದರೆ ಅಧಿಕಾರಿಗೂ ಗುತ್ತಿಗೆದಾರನಿಗೂ ಒಂದು ಲಕ್ಷ ರೂಪಾಯಿವರೆಗೆ ದಂಡ. ಈ ಸೆಕ್ಷನ್ ಅಡಿ ನಿಮ್ಮ ಜಿಲ್ಲೆಯಲ್ಲಿ ದಾಖಲಾದ ಪ್ರಕರಣಗಳ ಪಟ್ಟಿ ಕೇಳಿ ನೋಡಿ. ಅದೂ ಒಳ್ಳೆಯ ಅರ್ಜಿ.

ಎಡಬದಿಯ ಸವಾರ

ಎಲ್ಲರ ಮಾತು ಸೇರಿಸಿ ಪಾಲಿಕೆಗೆ ಹೊಸ ಅರ್ಜಿ ಬರೆದಿದ್ದೇನೆ, ನೋಡಿ:

‘ವಿಷಯ: ಇಂಥ ಬಡಾವಣೆಯ ಮುಖ್ಯರಸ್ತೆಯ, ಬಸ್ ನಿಲ್ದಾಣದಿಂದ ಅಂಚೆ ಕಚೇರಿವರೆಗಿನ ಭಾಗದ ನಿರ್ವಹಣೆ. ಈ ಕೆಳಗಿನವುಗಳ ದೃಢೀಕೃತ ನಕಲು ಕೋರುತ್ತೇನೆ. ಕೊನೆಯ ಡಾಂಬರೀಕರಣ ಕಾಮಗಾರಿಯ ಕಾರ್ಯಾದೇಶ ಮತ್ತು ದೋಷ ಹೊಣೆಗಾರಿಕೆ ಅವಧಿ ಇರುವ ಕರಾರು ಪತ್ರದ ಪುಟ. ಇತ್ತೀಚೆಗೆ ಗುಂಡಿ ಮುಚ್ಚಿದ ಕಾಮಗಾರಿಗಳ ಅಳತೆ ಪುಸ್ತಕದ ಪುಟಗಳು ಮತ್ತು ಬಿಲ್. ಈ ಭಾಗದ ಗುಂಡಿಗಳ ಬಗ್ಗೆ ಬಂದ ದೂರುಗಳ ವಹಿಯ ಪುಟಗಳು, ಕೈಗೊಂಡ ಕ್ರಮದ ದಿನಾಂಕ ಸಹಿತ. ಈ ಕಡತಗಳ ಪರಿಶೀಲನೆಗೂ ಅವಕಾಶ ಕೋರುತ್ತೇನೆ. ಮಾಹಿತಿ ಬೇರೆ ಪ್ರಾಧಿಕಾರದಲ್ಲಿದ್ದರೆ ಸೆಕ್ಷನ್ 6(3)ರಂತೆ ವರ್ಗಾಯಿಸಿ.’

ಅಳತೆ ಪುಸ್ತಕ

ಬಹಳ ಚೆನ್ನಾಗಿದೆ. ‘ಇತ್ತೀಚೆಗೆ’ ಎಂಬುದನ್ನು ತೆಗೆದು ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ ಎಂದು ಹಾಕಿ. ಅಪಘಾತವಾದ ದಿನ ಅದರ ಮಧ್ಯೆ ಬರಬೇಕು. ಅವಧಿ ಬರೆಯದ ಅರ್ಜಿಗೆ ‘ನಿರ್ದಿಷ್ಟ ಮಾಹಿತಿ ಕೋರಿಲ್ಲ’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ.

ಕಡತ ಪ್ರೇಮಿ

ನಮೂನೆ ‘ಎ’ಯಲ್ಲಿ ಹಾಕಿ, ಪೋಸ್ಟಲ್ ಆರ್ಡರ್‌ನ ಸಂಖ್ಯೆಯನ್ನು ಅರ್ಜಿಯಲ್ಲೇ ಬರೆಯಿರಿ. ಟಪಾಲು ವಿಭಾಗದಲ್ಲಿ ಮೊಹರು, ದಿನಾಂಕ ಇರುವ ಸ್ವೀಕೃತಿ ಪಡೆಯದೆ ಬರಬೇಡಿ. ಆನ್‌ಲೈನ್‌ನಲ್ಲೂ ಹಾಕಬಹುದು. ಇನ್ನು, ಹತ್ತಿರದಲ್ಲಿ ಸರ್ಕಾರಿ ಕ್ಯಾಮೆರಾ ಇದ್ದರೆ ಆ ದಿನದ ದೃಶ್ಯ ಉಳಿಸಿಡಿ ಎಂದು ಪೊಲೀಸರಿಗೆ ಇಂದೇ ಪತ್ರ ಕೊಡಿ. ಹಳೆಯ ದೃಶ್ಯದ ಮೇಲೆ ಹೊಸದು ದಾಖಲಾಗುತ್ತಾ ಹೋಗುತ್ತದೆ.

ತ್ರಿಕೋನ ಚೌಕಟ್ಟು

ಗುಂಡಿ ಇನ್ನೂ ಇದ್ದರೆ ಅಳತೆಪಟ್ಟಿ ಇಟ್ಟು ಉದ್ದ, ಅಗಲ, ಆಳ ಕಾಣುವಂತೆ ಫೋಟೊ ತೆಗೆಯಿರಿ. ಪಕ್ಕದ ಅಂಗಡಿಯ ಫಲಕ ಚಿತ್ರದಲ್ಲಿ ಬರಲಿ.

ಬೇಸತ್ತವನು

ನಾನೂ ನಮ್ಮ ರಸ್ತೆಗೆ ಇದೇ ಒಕ್ಕಣೆಯಲ್ಲಿ ಒಂದು ಹಾಕುತ್ತೇನೆ. ಫೋಟೊ ಕಳುಹಿಸುವುದನ್ನು ಮಾತ್ರ ನಿಲ್ಲಿಸುವುದಿಲ್ಲ.

ಮಲೆನಾಡ ಮಳೆ

ನಮ್ಮದು ಗ್ರಾಮ ಪಂಚಾಯಿತಿ ರಸ್ತೆ. ಅರ್ಜಿ ಯಾರಿಗೆ?

ಕಡತ ಪ್ರೇಮಿ

ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ. ಮೊದಲು ಆ ರಸ್ತೆ ನಿಜಕ್ಕೂ ಪಂಚಾಯಿತಿಯದೋ, ಜಿಲ್ಲಾ ಮುಖ್ಯರಸ್ತೆಯೋ ಕೇಳಿ ತಿಳಿದುಕೊಳ್ಳಿ. ಜಿಲ್ಲಾ ಮುಖ್ಯರಸ್ತೆಯಾದರೆ ಲೋಕೋಪಯೋಗಿ ಇಲಾಖೆಯ ಉಪವಿಭಾಗಕ್ಕೆ ಹೋಗಬೇಕು.